ನಿಮ್ಮ ತಾತ ಏನು ಕೆಲಸ ಮಾಡ್ತಿದ್ರು ಅಂತ ಕೇಳಿದರೆ

ನೋಡಮ್ಮ, ನೀನು ಬರೆದದ್ದನ್ನ ಎರಡು ಸಲ ಓದಿದೆ. ನರ್ಸ್ ಆಗಿ ಇಂಗ್ಲೆಂಡಿನ ಈ ಕಾರ್ನ್‌ವಾಲ್‌ಗೆ ಬಂದು ಆರು ವಾರ ಆಯ್ತು, ಇಲ್ಲಿಯ ಬದುಕು ಒಗ್ಗುತ್ತಾ ಅಕ್ಕ ಅಂತ ಕೇಳಿದ್ದೀಯ. ನಾಲ್ಕೂವರೆಗೇ ಕತ್ತಲಾಗುತ್ತೆ, ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದೆ, ಬಸ್ ಡ್ರೈವರ್ 'ಮೈ ಲವರ್' ಅಂದಾಗ ಗಾಬರಿಯಾಯ್ತು ಅಂತೆಲ್ಲ ಹೇಳಿದ್ದೀಯ. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದೀಯ. ವಾರ್ಡಿನಲ್ಲಿ ಟೀ ಕುಡಿಯುವಾಗ ಜೊತೆಯವರು ನಿಮ್ಮ ಮನೆ ಕಡೆಯವರು ಏನು ಕೆಲಸ ಮಾಡ್ತಿದ್ದರು ಅಂತ ಕೇಳಿದರು. ನೀನು 'ವ್ಯವಸಾಯ' ಅಂದು ಮಾತು ತಿರುಗಿಸಿದೆ. ತಾತ ಕಲ್ಲು ಒಡೆಯೋ ಕೂಲಿ ಅಂತ ಹೇಳೋಕೆ ಬಾಯಿ ಬರಲಿಲ್ಲ. 'ನೀವಾಗಿದ್ದರೆ ಏನು ಹೇಳ್ತಿದ್ರಿ ಅಕ್ಕ?'

ಬೇರೆ ವಿಷಯಗಳನ್ನ ಬೇಗ ಹೇಳಿ ಮುಗಿಸ್ತೀನಿ. ಮನೆಗೆ ಅಡ್ವಾನ್ಸ್ ಕೊಟ್ಟಿದ್ದೀಯಲ್ಲ, ಅದನ್ನ ಮನೆ ಓನರು 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಡಬೇಕು. ಇಟ್ಟಿದ್ದಾರಾ ಅಂತ ಕೇಳಿ ಚೀಟಿ ತಗೋ. ಬೂಷ್ಟಿನ ಫೋಟೋ ತೆಗೆದು ತಾರೀಕು ಹಾಕಿ ಅವರಿಗೆ ಕಳಿಸು. ಒದ್ದೆ ಬಟ್ಟೆ ಕೋಣೆಯಲ್ಲಿ ಒಣಗಿಸಬೇಡ. ಚಳಿಗಾಲದಲ್ಲಂತೂ ತಪ್ಪದೆ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೋ, ನಮ್ಮ ಬಣ್ಣದವರಿಗೆ ಅದು ಇನ್ನೂ ಮುಖ್ಯ. 'ಮೈ ಲವರ್' ಅಂದರೆ ನಮ್ಮಲ್ಲಿ 'ಏನಮ್ಮಾ' ಅಂದ ಹಾಗೆ, ಅಷ್ಟೇ. 'ಡ್ರೆಕ್ಲಿ' ಅಂದರೆ ಈಗಲೇ ಅಂತ ಅಲ್ಲ, ಯಾವಾಗಲೋ ಒಂದು ಹೊತ್ತಿಗೆ ಅಂತ. ಇದೆಲ್ಲ ಎರಡು ಚಳಿಗಾಲ ಕಳೆದರೆ ತಾನಾಗೇ ಸರಿಹೋಗುತ್ತೆ.

ಆದರೆ ಆ ಟೀ ಹೊತ್ತಿನ ಮಾತು ತಾನಾಗೇ ಸರಿಹೋಗೋದಲ್ಲ. ನಾನೂ ಬಂದ ಹೊಸದರಲ್ಲಿ, 2003ರಲ್ಲಿ, 'ವ್ಯವಸಾಯ' ಅಂತಲೇ ಹೇಳಿದವಳು. ಆರು ವರ್ಷ ಹಾಗೇ ಹೇಳಿಕೊಂಡು ಬಂದೆ. ನಮಗೆ ಒಂದು ಗೇಣು ಭೂಮಿಯೂ ಇರಲಿಲ್ಲ.

ನಮ್ಮ ತಾತ ಮುಳಬಾಗಿಲು ಕಡೆಯ ಹಳ್ಳಿಯವರು. ಅವರಪ್ಪ ಮಗಳ ಮದುವೆಗೆ ಸಾಲ ಮಾಡಿ, ಆ ಸಾಲಕ್ಕೆ ಎಂಟು ವರ್ಷದ ಮಗನನ್ನ ಊರಿನ ದೊಡ್ಡ ಮನೆಗೆ ಜೀತಕ್ಕೆ ಬಿಟ್ಟರು. ಬೆಳಿಗ್ಗೆ ಸಗಣಿ ಬಾಚೋದು, ದನ ಹೊಡಕೊಂಡು ಹೋಗೋದು, ರಾತ್ರಿ ಕೊಟ್ಟಿಗೆಯಲ್ಲೇ ಮಲಗೋದು. ಊಟ ಹಿತ್ತಲ ಬಾಗಿಲಲ್ಲಿ. ನಮ್ಮ ಕೇರಿಯವರಿಗೆ ಮುಂಬಾಗಿಲು ಇರಲಿಲ್ಲ. ಹದಿನೇಳೋ ಹದಿನೆಂಟೋ ಆದಾಗ ಒಂದು ರಾತ್ರಿ ತಾತ ದನಗಳ ಹಗ್ಗ ಬಿಗಿಯಾಗಿ ಕಟ್ಟಿದ್ದಾರಾ ಅಂತ ಒಂದೊಂದಾಗಿ ನೋಡಿ, ಹೊರಗೆ ಬಂದು, ನಡೆಯೋಕೆ ಶುರು ಮಾಡಿದರು. ಬೆಳಗಾಗುವ ಹೊತ್ತಿಗೆ ಕೋಲಾರದ ಚಿನ್ನದ ಗಣಿ ಸೇರಿದರು. ಕೆಜಿಎಫ್. ಹಗ್ಗ ನೋಡಿದ್ದು ಯಾಕೆ ಅಂತ ಅಜ್ಜಿ ಕೇಳಿದ್ದರಂತೆ. 'ದನ ತಪ್ಪಿಸಿಕೊಂಡಿದ್ದರೆ ಅಪ್ಪನ ಸಾಲಕ್ಕೆ ಅದೂ ಸೇರ್ತಿತ್ತು' ಅಂದರಂತೆ.

ಅದು 1929ರ ಸುಮಾರು. ಲಂಡನ್ನಿನ ಜಾನ್ ಟೇಲರ್ ಕಂಪನಿ ಗಣಿ ನಡೆಸೋಕೆ ಅಲ್ಲಿಗೆ ಬಂದು ಆಗಲೇ ಐವತ್ತು ವರ್ಷವಾಗಿತ್ತು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಎಳೆದಿದ್ದರು, ಬೆಂಗಳೂರಿಗಿಂತ ಮೊದಲು. ಕೆಲಸಗಾರರಲ್ಲಿ ಜಾಸ್ತಿ ಜನ ಆರ್ಕಾಟು, ಸೇಲಂ ಕಡೆಯ ತಮಿಳರು, ಅವರಲ್ಲೂ ಬಹಳ ಮಂದಿ ನಮ್ಮ ಹಾಗೆ ಕೇರಿಯಿಂದ ಬಂದವರು. ತಾತನಿಗೆ ಬರ್ತಿದ್ದದ್ದು ಕನ್ನಡ, ತೆಲುಗು. ಲೈನು ಮನೆಯಲ್ಲಿ ಅಕ್ಕಪಕ್ಕ ಎಲ್ಲ ತಮಿಳು. ಒಂದು ರಾತ್ರಿ ನಡೆದು ತಲುಪಿದ ಊರಿನಲ್ಲಿ ಅವರಿಗೆ ನೀರು ಕೇಳೋಕೂ ಮಾತು ಗೊತ್ತಿರಲಿಲ್ಲ. ನೀನು ವಿಮಾನದಲ್ಲಿ ಬಂದೆ, ಅವರು ಬರಿಗಾಲಲ್ಲಿ ಹೋದರು. ನನ್ನ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಮೊದಲು ಪರದೇಶಕ್ಕೆ ಹೋದವಳು ನಾನಲ್ಲ, ಅವರು.

ಮೇಸ್ತ್ರಿಯ ಕೈಕೆಳಗೆ ಮೊದಲು ಕಲ್ಲು ತುಂಬಿ ಟ್ರಾಲಿ ತಳ್ಳೋ ಕೆಲಸ. ಆಮೇಲೆ ಡ್ರಿಲ್ಲು. ಅಲ್ಲಿನ ಚಾಂಪಿಯನ್ ರೀಫ್ ಅನ್ನೋ ಗಣಿ ಕೊನೆಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯ್ತು, ತೀರಾ ಆಳದಲ್ಲಿ ಬಂಡೆಯೇ 60 ಡಿಗ್ರಿ ದಾಟಿ ಬಿಸಿ ಇರ್ತಿತ್ತು. 'ಗೋಡೆಗೆ ಬೆನ್ನು ಕೊಟ್ಟರೆ ರೊಟ್ಟಿ ಹೆಂಚಿಗೆ ತಾಗಿದ ಹಾಗೆ' ಅಂತ ತಾತ ಹೇಳೋರು. ಎಷ್ಟು ಕಷ್ಟ ಇದ್ದರೂ ಆ ಗಣಿಯನ್ನ ಅವರು ಯಾವತ್ತೂ ಬೈದದ್ದು ನಾನು ಕೇಳಲಿಲ್ಲ. ಅಲ್ಲಿ ಸಂಬಳ ಕೈಗೆ ಬರ್ತಿತ್ತು, ಕಾಸಿನಲ್ಲಿ. ಹೋಟೆಲಿನ ಬೆಂಚಿನ ಮೇಲೆ ಕೂತು ಟೀ ಕುಡಿದದ್ದು ಜೀವನದಲ್ಲೇ ಮೊದಲ ಸಲ ಅಲ್ಲಿ. ಆ ಟೀಯ ವಿಷಯ ಹೇಳುವಾಗ ಅವರ ಮುಖ ನೀನು ನೋಡಬೇಕಿತ್ತು.

ವೀಸಾ ಕೇಂದ್ರದಲ್ಲಿ ಹತ್ತೂ ಬೆರಳು ಒತ್ತಿಸಿಕೊಂಡರು, ಕಳ್ಳಿಯ ಹಾಗೆ ಅನ್ನಿಸಿತು ಅಂತ ಬರೆದಿದ್ದೀಯಲ್ಲ. ಅದಕ್ಕೂ ನಮ್ಮ ತಾತನ ಹತ್ತಿರ ಉತ್ತರ ಇತ್ತು. 1930ರಲ್ಲಿ ಗಣಿ ಕೆಲಸಗಾರರ ಬೆರಳಚ್ಚು ತೆಗೆದುಕೊಳ್ಳಬೇಕು ಅಂತಾಯ್ತು. ಅಪರಾಧಿಗಳಿಗೆ ಮಾಡೋದನ್ನ ನಮಗ್ಯಾಕೆ ಮಾಡ್ತೀರಿ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿಬಿಟ್ಟರು. ತಾತ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವರೂ ಗಣಿಗೆ ಇಳಿಯಲಿಲ್ಲ. ಜೀತದಲ್ಲಿ ಒಂದು ಸಲವೂ 'ಇಲ್ಲ' ಅನ್ನದ ಹುಡುಗ ಅಲ್ಲಿ ಎಲ್ಲರ ಜೊತೆ ನಿಂತು 'ಇಲ್ಲ' ಅಂದ. ಅದಕ್ಕೇ ಹೇಳ್ತೀನಿ, ಇಲ್ಲಿ ನರ್ಸುಗಳ ಸಂಘಕ್ಕೆ ಈ ತಿಂಗಳೇ ಸೇರು. ಚಂದಾ ಜಾಸ್ತಿ ಅನ್ನಿಸಿದರೂ ಸೇರು.

ಅಜ್ಜಿಯ ಪಾಲು ಬೇರೆಯೇ. ಒಳಗೆ ಬಂಡೆ ಸಿಡಿಯೋದಕ್ಕೆ ಅಲ್ಲಿ 'ಏರ್ ಬ್ಲಾಸ್ಟ್' ಅಂತಾರೆ. ಭೂಮಿಯ ಭಾರಕ್ಕೆ ಬಂಡೆ ತಾನಾಗೇ ಒಡೆದು ಚಿಮ್ಮುತ್ತೆ. ಮೇಲೆ ಲೈನು ಮನೆಯಲ್ಲಿ ತಟ್ಟಿ ಗೋಡೆ ಅಲ್ಲಾಡಿ, ಸಾಲಾಗಿ ಜೋಡಿಸಿದ ಪಾತ್ರೆಗಳು ಒಂದಕ್ಕೊಂದು ತಾಗಿ ಗಣಗಣ ಅನ್ನೋವು. ಆ ಶಬ್ದ ಬಂತೋ, ಅಜ್ಜಿ ಮುದ್ದೆ ತಿರುವುತ್ತಿದ್ದ ಕೋಲನ್ನ ಹಾಗೇ ಬಿಟ್ಟು ಶಾಫ್ಟ್, ಅಂದರೆ ಗಣಿಗೆ ಇಳಿಯೋ ಬಾವಿಯ ಹತ್ತಿರ ಓಡೋರು. ಅಲ್ಲಿ ಆಗಲೇ ಲೈನಿನ ಹೆಂಗಸರೆಲ್ಲ ನಿಂತಿರೋರು. ಯಾರೂ ಅಳ್ತಿರಲಿಲ್ಲವಂತೆ, ಮಾತೂ ಆಡ್ತಿರಲಿಲ್ಲವಂತೆ. ಕೆಲಸಗಾರರನ್ನ ಹೊತ್ತು ಕೇಜು ಮೇಲೆ ಬಂದಾಗ ಮುಖ ಕಾಣಲ್ಲ, ಎಲ್ಲರದೂ ಒಂದೇ ಧೂಳು. ಅಜ್ಜಿ ಕಾಲು ನೋಡೋರು. ತಾತನ ಎಡಗಾಲಿನ ಹೆಬ್ಬೆರಳು ದನದ ಗೊರಸಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಆ ಹೆಬ್ಬೆರಳು ಕಂಡ ಮೇಲೆ ಮನೆಗೆ ವಾಪಸ್ ಬಂದು ಅದೇ ಮುದ್ದೆ ಮತ್ತೆ ಒಲೆಗಿಟ್ಟು ತಿರುವೋರು.

ತಾತ ಬಂಡೆಗೆ ಸಿಕ್ಕಿ ಸಾಯಲಿಲ್ಲ. ಧೂಳು ಎದೆಗೆ ಸೇರಿತ್ತು, ಕೊನೆಯ ವರ್ಷಗಳಲ್ಲಿ ಮಲಗೋಕೆ ಆಗದೆ ಕೂತೇ ನಿದ್ದೆ ಮಾಡ್ತಿದ್ದರು. ನಾನು ಚಿಕ್ಕವಳು, ಅವರ ಬೆನ್ನು ಉಜ್ಜೋ ಕೆಲಸ ನನ್ನದು. ನಾನು ನರ್ಸ್ ಆದದ್ದು ಅಲ್ಲಿಂದಲೇ ಇರಬೇಕು. ಅಪ್ಪನೂ ಅಲ್ಲೇ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಊರಿಗೆ ಊರೇ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋ ಹಾಗಾಯ್ತು. ನಾನು ಇನ್ನೂ ಸ್ವಲ್ಪ ದೂರ ಬಂದೆ.

ಎಲ್ಲಿಗೆ ಬಂದೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು. ರೆಡ್ರೂತ್‌ನಲ್ಲಿ ಮನೆ ಮಾಡಿದಾಗ ಸುತ್ತಲೂ ಕಲ್ಲಿನ ಹಳೇ ಎಂಜಿನ್ ಮನೆಗಳು, ಉದ್ದ ಚಿಮಣಿ. ಏನೋ ಕೋಟೆ ಅಂದುಕೊಂಡಿದ್ದೆ. ಅವು ತವರದ ಗಣಿಗಳು. ಇಲ್ಲಿ ತಾಮ್ರ, ತವರದ ಬೆಲೆ ಬಿದ್ದಾಗ ಈ ರೆಡ್ರೂತ್, ಕ್ಯಾಂಬೋರ್ನ್‌ನ ಗಂಡಸರು ಪ್ರಪಂಚದ ಗಣಿಗಳಿಗೆಲ್ಲ ಹೋದರು. ಕೋಲಾರಕ್ಕೂ ಬಂದರು. ಗಣಿಯೊಳಗಿನ ಮೇಲ್ವಿಚಾರಕರಿಗೆ ಇಲ್ಲಿ 'ಕ್ಯಾಪ್ಟನ್' ಅಂತಾರೆ. ತಾತನ ಬಾಯಲ್ಲಿ ಆ ಮಾತು ಕೇಳಿ ಯಾರೋ ಮಿಲಿಟರಿಯವರು ಅಂತ ನಾನು ತಿಳಿದಿದ್ದೆ. ಇಲ್ಲಿನ ದೊಡ್ಡ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರಲ್ಲಿ, ನಮ್ಮದಕ್ಕಿಂತ ಮೂರೇ ವರ್ಷ ಮೊದಲು. ಇಲ್ಲಿಯ ಹುಡುಗರೂ ಕೆಲಸ ಹುಡುಕಿಕೊಂಡು ಊರು ಬಿಟ್ಟರು.

ಇದು ನನಗೆ ತಿಳಿದದ್ದು ಪಕ್ಕದ ಮನೆಯ ಅಜ್ಜಿಯಿಂದ. ಎಂಬತ್ತು ದಾಟಿತ್ತು. ಒಂದು ದಿನ ಅಡುಗೆಮನೆಗೆ ಕರೆದು ಪಾಸ್ಟಿ ಮಾಡೋದು ತೋರಿಸ್ತಿದ್ದರು. ಆಲೂಗಡ್ಡೆ, ಸ್ವೀಡ್ ಗೆಡ್ಡೆ, ಈರುಳ್ಳಿ, ದನದ ಮಾಂಸ ಹಿಟ್ಟಿನಲ್ಲಿ ತುಂಬಿ ಅಂಚನ್ನ ಜಡೆ ಹೆಣೆದ ಹಾಗೆ ಮಡಚುತ್ತಾರೆ, ನಮ್ಮ ಕರ್ಜಿಕಾಯಿ ಅಂಚಿನ ಹಾಗೆ. ಗಣಿಯವರು ಕೊಳಕು ಕೈಯಲ್ಲಿ ಆ ಅಂಚು ಹಿಡಿದು ತಿಂದು, ಅಂಚನ್ನ ಬಿಸಾಕ್ತಿದ್ದರಂತೆ. ಮಾತಿನ ಮಧ್ಯೆ, 'ನಮ್ಮಜ್ಜ ಮೈಸೂರು ಗಣಿಯಲ್ಲಿದ್ದರು' ಅಂದರು. ಮೈಸೂರು ಗಣಿ ಅಂದರೆ ನಮ್ಮ ಕೆಜಿಎಫ್‌ನದೇ ಒಂದು ಗಣಿ. ನಾನು ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದು ನಿಂತೆ. ಆರು ವರ್ಷದಿಂದ ಹೇಳಿಕೊಂಡು ಬಂದ 'ವ್ಯವಸಾಯ' ಆ ಹೊತ್ತು ಮುಗಿಯಿತು. ನಮ್ಮ ತಾತನೂ ಅಲ್ಲೇ, ಅಂಡರ್‌ಗ್ರೌಂಡು ಕೂಲಿ ಅಂದೆ.

ಅವರು ಒಳಗೆ ಹೋಗಿ ಆಲ್ಬಂ ತಂದರು. ಹೆಂಚಿನ ಬಂಗಲೆ, ವೆರಾಂಡ, ಟೊಪ್ಪಿ ಹಾಕಿದ ಗಂಡಸರು, ಬಿಳಿ ಉಡುಪಿನ ಹೆಂಗಸು, ಒಂದು ನಾಯಿ. ಅಂಚಿನಲ್ಲಿ ಬರಿಗಾಲಿನ ಇಬ್ಬರು ನಮ್ಮವರು. ಫೋಟೋ ಹಿಂದೆ ಪೆನ್ಸಿಲಿನಲ್ಲಿ ಹೆಸರುಗಳಿದ್ದವು. ನಾಯಿಯ ಹೆಸರೂ ಇತ್ತು. ಆ ಇಬ್ಬರ ಹೆಸರಿರಲಿಲ್ಲ. ನಾನೇನೂ ಅನ್ನಲಿಲ್ಲ. ಅಜ್ಜಿಯೇ ನೋಡಿದರು, ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ಸಿಲ್ ತಗೊಂಡು, 'ನಿನ್ನ ತಾತನ ಹೆಸರು ಹೇಳು' ಅಂದರು. ಒಂದೊಂದೇ ಅಕ್ಷರ ಹೇಳಿಸಿಕೊಂಡು, ಆಲ್ಬಮ್ಮಿನ ಮುಂದಿನ ಖಾಲಿ ಪುಟದಲ್ಲಿ ಬರೆದರು.

ಅವರ ಅಜ್ಜ, ನಮ್ಮ ತಾತ ಸಮಾನರು ಅಂತ ನಾನು ಹೇಳಲ್ಲ. ಒಂದೇ ಭೂಮಿಯ ಕೆಳಗೆ ಇಳಿದರೂ ಒಬ್ಬರಿಗೆ ಬಂಗಲೆ, ಒಬ್ಬರಿಗೆ ತಟ್ಟಿ ಮನೆ. ಅದನ್ನ ನಾನು ಅಜ್ಜಿಗೂ ಹೇಳಿದೆ, ಅವರು ಒಪ್ಪಿಕೊಂಡರು. ಹೇಳಿದ ಮೇಲೇ ನಮ್ಮ ಸ್ನೇಹ ಗಟ್ಟಿಯಾದದ್ದು. ಅವರು ಹೋಗೋವರೆಗೂ ಮುದ್ದೆ ಮಾಡಿದ ದಿನ ಅವರಿಗೊಂದು ತುತ್ತು ಕಳಿಸ್ತಿದ್ದೆ.

ಇಲ್ಲಿಯ ಬದುಕು ಹೇಗೆ ಅಂತ ಕೇಳಿದೆಯಲ್ಲ, ನನಗೆ ಇದು ಊರು ಅನ್ನಿಸಿದ್ದು ಆ ದಿನದಿಂದ. ಅಲ್ಲಿವರೆಗೆ ಸುಮ್ನೆ ಡ್ಯೂಟಿ ಮಾಡ್ತಿದ್ದೆ ಅಷ್ಟೇ. ಈ ಊರಿನಲ್ಲಿ ಕೂಲಿ ಅಂದರೆ ಮೂಗು ಮುರಿಯೋರು ಕಡಿಮೆ ಕಣಮ್ಮ. ನಿನ್ನ ವಾರ್ಡಿನಲ್ಲಿ ಟೀ ಕುಡಿದವರಲ್ಲೂ ಅರ್ಧ ಜನರ ತಾತಂದಿರು ಗಣಿಯಲ್ಲೋ ಮೀನಿನ ದೋಣಿಯಲ್ಲೋ ಇದ್ದವರೇ ಇರಬಹುದು, ಕೇಳಿ ನೋಡು. ನಮ್ಮವರ ಗುಂಪಿನಲ್ಲೇ ಯಾರಾದರೂ ಮುಖ ಸಣ್ಣ ಮಾಡಿಯಾರು, ಜಾತಿ ಲೆಕ್ಕ ಹಾಕಿಯಾರು. ಅದೂ ನನಗೆ ಆಗಿದೆ. ಅವರಿಗೋಸ್ಕರ ನಿನ್ನ ತಾತನನ್ನ ಬಚ್ಚಿಡಬೇಡ.

ಭಾನುವಾರ ಅಮ್ಮನಿಗೆ ಫೋನ್ ಮಾಡ್ತೀಯಲ್ಲ, ಆಗ ಕೇಳು. ಯಾವ ಬಂಡೆಯಲ್ಲಿ ಕೆಲಸ, ದಿನಕ್ಕೆ ಎಷ್ಟು ಸಿಗ್ತಿತ್ತು, ಉಳಿ ಮೊಂಡಾದರೆ ಎಲ್ಲಿ ತಟ್ಟಿಸ್ತಿದ್ದರು, ಊಟಕ್ಕೆ ಏನು ಕಟ್ಟಿಕೊಂಡು ಹೋಗ್ತಿದ್ದರು. ಬರೆದಿಟ್ಟುಕೋ. ಅಮ್ಮ ಇರೋವಾಗಲೇ ಕೇಳು, ನಾನು ತಾತನ ಅಕ್ಕನ ಹೆಸರು ಕೇಳೋದನ್ನ ಬಿಟ್ಟೆ, ಈಗ ಹೇಳೋಕೆ ಯಾರೂ ಇಲ್ಲ. ಅವಳ ಮದುವೆಗೇ ಆ ಸಾಲ ಆದದ್ದು.

ಮುಂದಿನ ರಜಾ ದಿನ ರೈಲು ಹತ್ತಿ ರೆಡ್ರೂತ್‌ಗೆ ಬಾ. ಸ್ಟೇಷನ್ನಿಗೆ ನಾನೇ ಬರ್ತೀನಿ. ರಾಗಿ ಹಿಟ್ಟಿದೆ, ಹುರುಳಿಕಾಳು ನೆನೆಹಾಕಿರ್ತೀನಿ. ಊಟ ಆದ ಮೇಲೆ ಮಳೆ ಬಿಟ್ಟರೆ ಕಾರ್ನ್ ಬ್ರೇ ಗುಡ್ಡ ಹತ್ತೋಣ. ಮೇಲೆ ಪೂರ್ತಿ ಗ್ರಾನೈಟ್ ಬಂಡೆ, ನಿಮ್ಮೂರಿನ ಬೆಟ್ಟದ ಹಾಗೇ ಇದೆ. ಅಪ್ಪ ಇದ್ದಾಗ ಒಂದು ಸಲ ಬಂದಿದ್ದರು. ಒಂದು ಕಲ್ಲಿನ ಮೇಲೆ ಅಂಗೈ ಇಟ್ಟು, 'ಇದು ಒಳ್ಳೆ ಕಲ್ಲು, ಸುಲಭಕ್ಕೆ ಸೀಳಲ್ಲ' ಅಂದಿದ್ದರು. ನಿನ್ನ ತಾತ ಇಂಥ ಕಲ್ಲನ್ನ ಹೇಗೆ ಸೀಳ್ತಿದ್ದರು ಅಂತ ಅಮ್ಮನ್ನ ಕೇಳಿಕೊಂಡು ಬಾ. ದಪ್ಪ ಕೋಟು ಮರೀಬೇಡ, ಮೇಲೆ ಗಾಳಿ ಜಾಸ್ತಿ.