ಬಾಯಿ ತೆರೆದೇ ಇದ್ದರೂ ಗಾಳಿ ತಾಗದ ಜಾಗಗಳು

ಓದುಗರ ಪತ್ರ (ಸಂಗ್ರಹಿಸಿದ್ದು): ಕಳೆದ ಸಂಚಿಕೆಯ ಆರೋಗ್ಯ ಲೇಖನದಲ್ಲಿ ಎರಡು ಮಾತು ಓದಿದೆ. ಅನೇರೋಬಿಕ್ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವೇ ವಿಷ ಅನ್ನುವುದು ಒಂದು. ಅವು ನಮ್ಮ ಬಾಯಿಯಲ್ಲೂ ಕರುಳಿನಲ್ಲೂ ತುಂಬಿಕೊಂಡಿವೆ ಅನ್ನುವುದು ಇನ್ನೊಂದು. ಕರುಳಿನ ಮಾತು ಒಪ್ಪುತ್ತೇನೆ. ಆದರೆ ಬಾಯಿ? ಉಸಿರು, ಮಾತು, ಊಟ ಎಂದು ಹಗಲೂ ರಾತ್ರಿ ಗಾಳಿ ಓಡಾಡುವ ಜಾಗ. ಎರಡರಲ್ಲಿ ಒಂದು ಮಾತು ತಪ್ಪಿರಬೇಕು, ಅಲ್ವಾ? ಗಾಳಿ ತಾಗಿದರೆ ಸಾಯುವಂಥವು ಒಬ್ಬರಿಂದ ಒಬ್ಬರಿಗೆ ಬರುವುದಾದರೂ ಹೇಗೆ? ನನ್ನ ತಮ್ಮನ ಅಪೆಂಡಿಕ್ಸ್ ಒಡೆದು ಹೊಟ್ಟೆಯಲ್ಲಿ ಕೀವು ಕಟ್ಟಿದಾಗ ಡಾಕ್ಟರು ಈ ಬ್ಯಾಕ್ಟೀರಿಯಾಗಳ ಹೆಸರನ್ನೇ ಹೇಳಿದರು. ಮೌತ್‌ವಾಶ್, ಮಾತ್ರೆ ಏನಾದರೂ ಹಾಕಿ ಇವನ್ನು ಪೂರ್ತಿ ತೆಗೆದುಬಿಟ್ಟರೆ ಏನು ಕಷ್ಟ?

ಸಂಪಾದಕರ ಉತ್ತರ:

ಎರಡೂ ಮಾತು ಸರಿಯಾಗಿಯೇ ಇವೆ. ಆದರೆ ನೀವು ಕೈ ಇಟ್ಟಿರುವ ಜಾಗ ಬಹಳ ಒಳ್ಳೆಯದು. ಈ ಬ್ಯಾಕ್ಟೀರಿಯಾಗಳ ಕಥೆಯೆಲ್ಲ ಅಲ್ಲೇ ಇದೆ.

ಬಾಯಿಗೆ ಗಾಳಿ ಬರುತ್ತದೆ, ನಿಜ. ಬಾಯಿಯ ಮೂಲೆಮೂಲೆಗೂ ಆಮ್ಲಜನಕ ತಲುಪುತ್ತದೆ ಅನ್ನುವುದು ಬೇರೆ ಮಾತು. ಒಂದು ಬ್ಯಾಕ್ಟೀರಿಯಾದ ಗಾತ್ರ ಸುಮಾರು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಒಂದು ಭಾಗ. ಅಷ್ಟು ಪುಟ್ಟ ಜೀವಿಗೆ ಹಲ್ಲಿನ ಮೇಲೆ ಕಟ್ಟುವ ತೆಳ್ಳನೆಯ ಅಂಟು ಪದರವೂ ದೊಡ್ಡ ಆಳವೇ. ದಂತವೈದ್ಯರು ಅದನ್ನು ಪ್ಲಾಕ್ ಎನ್ನುತ್ತಾರೆ. ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಅದು ಮತ್ತೆ ಶುರುವಾಗುತ್ತದೆ. ಮೊದಲು ಬಂದು ಅಂಟಿಕೊಳ್ಳುವವು ಸ್ಟ್ರೆಪ್ಟೊಕಾಕಸ್, ಆಕ್ಟಿನೊಮೈಸಿಸ್ ಜಾತಿಯವು. ಆಮ್ಲಜನಕ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಇವು ಬದುಕುತ್ತವೆ. ಇದ್ದರೆ ಅದನ್ನು ಬಳಸಿ ಮುಗಿಸುತ್ತವೆ. ಸಾಲಿನ ಮುಂದಿದ್ದವರೇ ಎಲ್ಲ ಖಾಲಿ ಮಾಡಿದರೆ ಹಿಂದಿನವರಿಗೆ ಏನೂ ಉಳಿಯುವುದಿಲ್ಲವಲ್ಲ, ಹಾಗೆ. ಇಲ್ಲಿ ಹಿಂದಿನವರಿಗೆ ಬೇಕಾಗಿರುವುದೂ ಅದೇ.

ಆಮೇಲೆ ಬರುವುದು ಫ್ಯೂಸೊಬ್ಯಾಕ್ಟೀರಿಯಂ. ಉದ್ದನೆಯ, ಎರಡೂ ತುದಿ ಚೂಪಾದ ಬ್ಯಾಕ್ಟೀರಿಯಾ. ಮೊದಲು ಬಂದವುಗಳನ್ನೂ ಹಿಡಿದುಕೊಳ್ಳುತ್ತದೆ, ಕೊನೆಗೆ ಬರುವವುಗಳಿಗೂ ಹಿಡಿಯಲು ಜಾಗ ಕೊಡುತ್ತದೆ. ಕೊನೆಗೆ ಬರುವವರಲ್ಲಿ ಪೊರ್ಫೈರೊಮೊನಾಸ್ ಜಿಂಜಿವಾಲಿಸ್ ಎಂಬುದಕ್ಕೆ ಆಮ್ಲಜನಕ ಕಂಡರೆ ಆಗದು. ಅದರ ನೆಲೆ ಹಲ್ಲು ಮತ್ತು ಒಸಡಿನ ನಡುವಿನ ಸಂದು. ಆರೋಗ್ಯವಾಗಿರುವ ಒಸಡಿನಲ್ಲಿ ಈ ಸಂದು 3 ಮಿಲಿಮೀಟರಿನೊಳಗೆ ಇರುತ್ತದೆ. ಒಸಡಿನ ಕಾಯಿಲೆ ಬಂದಾಗ 4, 5, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಆಗುತ್ತದೆ. ದಂತವೈದ್ಯರು ಒಸಡಿನ ಅಂಚಿಗೆ ಸಣ್ಣ ಕಡ್ಡಿ ತೂರಿಸಿ ಅಂಕಿ ಹೇಳುತ್ತಾ ಹೋಗುತ್ತಾರಲ್ಲ, ಅವರು ಅಳೆಯುವುದು ಇದನ್ನೇ. ಸಂದು ಆಳವಾದಷ್ಟೂ ಗಾಳಿ ದೂರ. ಗಾಳಿ ದೂರವಾದಷ್ಟೂ ಇವುಗಳಿಗೆ ಅನುಕೂಲ.

ಹಲ್ಲಿನ ಸಂದಿಯ ಜೀವಿಗಳನ್ನು ಮೊದಲು ಕಂಡವರು ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವೆನ್‌ಹುಕ್. ತಮ್ಮದೇ ಹಲ್ಲಿನ ಬಿಳಿ ಲೋಳೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಂಡದ್ದನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳಿಸಿದರು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಅವರ ಇನ್ನೊಂದು ಮಾತು ನಿಮ್ಮ ಮೌತ್‌ವಾಶ್ ಪ್ರಶ್ನೆಗೆ ಬೇಕಾದದ್ದು. ವಿನೆಗರ್ ಹಾಕಿದರೆ ಆ ಜೀವಿಗಳು ಸಾಯುವುದನ್ನು ಅವರು ನೋಡಿದ್ದರು. ಆದರೆ ಹಲ್ಲಿನ ಮೇಲೆ ಪದರವಾಗಿ ಕೂತಿದ್ದಾಗ ವಿನೆಗರ್ ಹೊರಗಿನವನ್ನಷ್ಟೇ ಕೊಂದಿತು, ಒಳಕ್ಕೆ ಇಳಿಯಲಿಲ್ಲ. ಬಾಟಲಿಯಲ್ಲಿ ಬರುವ ಇಂದಿನ ದ್ರವಗಳಿಗೂ ಇದೇ ತೊಡಕು. ಪದರವನ್ನು ಬ್ರಷ್ಷಿನಿಂದ, ಹಲ್ಲಿನ ನಡುವೆ ದಾರದಿಂದ ಉಜ್ಜಿ ಕದಡಬೇಕು. ಮುಕ್ಕಳಿಸುವುದು ಆಮೇಲಿನ ಮಾತು.

ಲೇವೆನ್‌ಹುಕ್ ಅವರು 1680ರಲ್ಲಿ ಮಾಡಿದ ಪ್ರಯೋಗ ಅಷ್ಟಾಗಿ ಯಾರಿಗೂ ನೆನಪಿಲ್ಲ. ಮೆಣಸಿನ ಪುಡಿ ನೆನೆಸಿದ ನೀರನ್ನು ಗಾಜಿನ ಕೊಳವೆಗೆ ಹಾಕಿ, ಬೆಂಕಿಯಲ್ಲಿ ಕೊಳವೆಯ ಬಾಯಿ ಮುಚ್ಚಿದರು. ಗಾಳಿಯಿಲ್ಲದೆ ಒಳಗೆ ಏನೂ ಬದುಕಲಾರದು ಅಂದುಕೊಂಡಿದ್ದರು. ಕೆಲವು ದಿನ ಬಿಟ್ಟು ಒಡೆದು ನೋಡಿದರೆ ಅಲ್ಲೂ ಜೀವಿಗಳು ಓಡಾಡುತ್ತಿದ್ದವು. ಅದರ ಅರ್ಥ ಗೊತ್ತಾಗಲು 1861 ಬರಬೇಕಾಯಿತು. ಲೂಯಿ ಪಾಶ್ಚರ್ ಗಾಜಿನ ಚೂರಿನ ಕೆಳಗೆ ಒಂದು ಹನಿ ದ್ರವ ಇಟ್ಟು ನೋಡುತ್ತಿದ್ದರು. ಹನಿಯ ಅಂಚಿನಲ್ಲಿ, ಅಂದರೆ ಗಾಳಿ ತಾಗುವ ಕಡೆ ಇದ್ದ ಬ್ಯಾಕ್ಟೀರಿಯಾಗಳು ನಿಶ್ಚಲವಾಗಿದ್ದವು. ನಡುವೆ ಇದ್ದವು ಚುರುಕಾಗಿ ಓಡಾಡುತ್ತಿದ್ದವು. ಬೇರೆ ಜೀವಿಗಳಲ್ಲಿ ಕಾಣುವುದರ ನೇರ ಉಲ್ಟಾ. ಗಾಳಿಯಿಲ್ಲದೆ ಬದುಕುವ ಜೀವಿಗಳು ಇವೆ, ಕೆಲವಕ್ಕೆ ಗಾಳಿಯೇ ಕೇಡು ಅನ್ನುವುದು ಅಲ್ಲಿಂದ ಸ್ಪಷ್ಟವಾಯಿತು.

ಆಮ್ಲಜನಕ ಕೊಲ್ಲುವುದು ಹೇಗೆ? ಅದು ಜೀವಕೋಶದೊಳಗೆ ಹೋದಾಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಪುಂಡ ರಾಸಾಯನಿಕಗಳು ಹುಟ್ಟುತ್ತವೆ. ನಮ್ಮ ಕೋಶಗಳಲ್ಲೂ ಹುಟ್ಟುತ್ತವೆ. ಆದರೆ ಅವನ್ನು ತಕ್ಷಣ ಅಡಗಿಸುವ ಕಿಣ್ವಗಳು ನಮ್ಮಲ್ಲಿ ಧಾರಾಳವಾಗಿವೆ. ಅನೇರೋಬ್‌ಗಳಲ್ಲಿ ಕೆಲವಕ್ಕೆ ಅವು ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಜೊತೆಗೆ, ಇವು ಶಕ್ತಿ ಪಡೆಯಲು ನೆಚ್ಚಿಕೊಂಡಿರುವ ಕಬ್ಬಿಣ-ಗಂಧಕದ ಕಿಣ್ವಗಳು ಆಮ್ಲಜನಕಕ್ಕೆ ಬೇಗ ಹಾಳಾಗುತ್ತವೆ. ಹಾಗಂತ ಎಲ್ಲವೂ ಒಂದೇ ಥರ ಅಲ್ಲ. ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಗಾಳಿಯಲ್ಲಿ ಬೆಳೆಯದಿದ್ದರೂ ಗಂಟೆಗಟ್ಟಲೆ ತಡೆದುಕೊಳ್ಳುತ್ತದೆ. ಫೀಕಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ ಎಂಬ ಕರುಳಿನ ಬ್ಯಾಕ್ಟೀರಿಯಾ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ.

ಈಗ ಕರುಳಿಗೆ ಬರೋಣ. ಇದನ್ನು ನೀವು ಸುಲಭವಾಗಿ ಒಪ್ಪಿಬಿಟ್ಟಿರಿ. ನನ್ನನ್ನು ಕೇಳಿದರೆ ನಿಜವಾದ ಬೆರಗು ಇರುವುದು ಇಲ್ಲೇ. ಕರುಳು ಮುಚ್ಚಿದ ಕೊಳವೆ, ಹಾಗಾಗಿ ಅಲ್ಲಿ ಗಾಳಿಯಿಲ್ಲ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಕರುಳಿನ ಗೋಡೆಯ ತುಂಬ ರಕ್ತನಾಳಗಳಿವೆ. ರಕ್ತದ ತುಂಬ ಆಮ್ಲಜನಕ. ಅದು ಒಳಕ್ಕೆ ಸೋರುತ್ತಲೇ ಇರಬೇಕಲ್ಲ? ಸೋರದಂತೆ ತಡೆಯುವವರು ಬೇಕು.

ಹುಟ್ಟಿದ ಮಗುವಿನಲ್ಲಿ ಈ ಕೆಲಸವನ್ನು ಮೊದಲು ಮಾಡುವುದು ಇ. ಕೋಲೈ, ಎಂಟೆರೊಕಾಕಸ್‌ನಂಥ ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕುವ ಬ್ಯಾಕ್ಟೀರಿಯಾಗಳು. ಕರುಳಿನಲ್ಲಿರುವ ಆಮ್ಲಜನಕವನ್ನು ಇವು ಬಳಸಿ ತೆಗೆಯುತ್ತವೆ. ದಿನ ಕಳೆದಂತೆ ಬೈಫಿಡೊಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡಿಸ್ ನೆಲೆಯೂರುತ್ತವೆ. ದೊಡ್ಡವರಾದ ಮೇಲೆ ವ್ಯವಸ್ಥೆ ಇನ್ನೂ ಚೆಂದ. ನಾವು ತಿಂದ ನಾರಿನಂಶ ನಮಗೆ ಅರಗುವುದಿಲ್ಲ, ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಅನೇರೋಬ್‌ಗಳು ಅದನ್ನು ಹುಳಿಯಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಈ ಬ್ಯುಟಿರೇಟ್ ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಮುಖ್ಯ ಆಹಾರ. ಅವು ಅದನ್ನು ಆಮ್ಲಜನಕ ಬಳಸಿ ಉರಿಸುತ್ತವೆ. ರಕ್ತದಿಂದ ಬಂದ ಆಮ್ಲಜನಕದ ಬಹುಪಾಲು ಗೋಡೆಯಲ್ಲೇ ಖರ್ಚಾಗುತ್ತದೆ. ಒಳಕ್ಕೆ ಸೋರುವುದು ತೀರಾ ಕಡಿಮೆ. ಅಂದರೆ ಬ್ಯಾಕ್ಟೀರಿಯಾ ನಮ್ಮ ಕೋಶಕ್ಕೆ ಊಟ ಕೊಡುತ್ತದೆ, ನಮ್ಮ ಕೋಶ ಅದಕ್ಕೆ ಗಾಳಿಯಿಲ್ಲದ ಮನೆ ಕೊಡುತ್ತದೆ.

ಇದರಿಂದಾಗಿ ದೊಡ್ಡ ಕರುಳಿನ ಒಂದು ಗ್ರಾಂ ವಸ್ತುವಿನಲ್ಲಿ ಸುಮಾರು 10,000 ಕೋಟಿ ಬ್ಯಾಕ್ಟೀರಿಯಾಗಳು ನೆಮ್ಮದಿಯಾಗಿವೆ. ಇವುಗಳಲ್ಲಿ ಅನೇರೋಬ್‌ಗಳದ್ದೇ ರಾಜ್ಯ, ಇ. ಕೋಲೈನಂಥವು ನೂರಕ್ಕೊಂದೂ ಇರುವುದಿಲ್ಲ. ಮೈಯಲ್ಲಿರುವ ಒಟ್ಟು ಬ್ಯಾಕ್ಟೀರಿಯಾಗಳು ನಮ್ಮ ಕೋಶಗಳ ಹತ್ತು ಪಟ್ಟು ಎಂದು ಈಗಲೂ ಎಲ್ಲೆಡೆ ಬರೆಯುತ್ತಾರೆ. ಅದು ಹಳೆಯ ಅಂದಾಜು. 2016ರಲ್ಲಿ ಸೆಂಡರ್, ಫುಕ್ಸ್, ಮಿಲೋ ಎಂಬ ಮೂವರು ಕೂತು ಲೆಕ್ಕ ಹಾಕಿದಾಗ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮ ಕೋಶ ಸುಮಾರು 30 ಲಕ್ಷ ಕೋಟಿ ಎಂದು ಬಂತು. ಹೆಚ್ಚುಕಮ್ಮಿ ಸರಿಸಮ. ತೂಕ ನೋಡಿದರೆ ಬ್ಯಾಕ್ಟೀರಿಯಾಗಳದ್ದೆಲ್ಲ ಸೇರಿ 200 ಗ್ರಾಂ ಅಷ್ಟೇ.

ಪೂರ್ತಿ ತೆಗೆದುಬಿಟ್ಟರೆ ಏನು ಎಂದು ಕೇಳಿದ್ದೀರಿ. ಪೂರ್ತಿ ಬೇಡ, ಅರ್ಧಂಬರ್ಧ ತೆಗೆದಾಗಲೇ ಏನಾಗುತ್ತದೆ ಎಂಬುದು ಆಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತು. ಬಲವಾದ ಆ್ಯಂಟಿಬಯಾಟಿಕ್ ಕೊಟ್ಟಾಗ ಬ್ಯುಟಿರೇಟ್ ಮಾಡುವವು ಸಾಯುತ್ತವೆ. ಗೋಡೆಯ ಕೋಶಗಳು ಬೇರೆ ದಾರಿಯಿಂದ ಶಕ್ತಿ ಪಡೆಯಲು ಶುರುಮಾಡುತ್ತವೆ, ಆಮ್ಲಜನಕ ಉರಿಸುವುದು ಕಡಿಮೆಯಾಗುತ್ತದೆ. ಆಗ ಅದು ಒಳಕ್ಕೆ ಸೋರುತ್ತದೆ, ಇ. ಕೋಲೈ ಬಳಗದವು ಮೆರೆಯುತ್ತವೆ. ಇನ್ನೊಂದು ಅಪಾಯ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ಅದೂ ಒಂದು ಅನೇರೋಬ್. ಬೇರೆಯವು ಇದ್ದಾಗ ಅವುಗಳ ಮಧ್ಯೆ ಅದಕ್ಕೆ ತಲೆಯೆತ್ತಲು ಆಗುವುದಿಲ್ಲ. ಜಾಗ ಖಾಲಿಯಾದಾಗ ಬೆಳೆದು ವಿಷ ಬಿಡುತ್ತದೆ, ಜೋರು ಭೇದಿ ತರುತ್ತದೆ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಪದೇಪದೇ ಇದು ಬರುತ್ತಿದ್ದವರಿಗೆ ಆರೋಗ್ಯವಂತರ ಮಲವನ್ನು ದ್ರವ ಮಾಡಿ ಕೊಳವೆಯಿಂದ ಕರುಳಿಗೆ ಬಿಟ್ಟರು. ಮುಖ ಸಿಂಡರಿಸಬೇಡಿ, 16 ಜನರಲ್ಲಿ 13 ಮಂದಿಗೆ ಮೊದಲ ಸಲಕ್ಕೇ ಗುಣವಾಯಿತು. ವ್ಯಾಂಕೊಮೈಸಿನ್ ಔಷಧಿಯೊಂದನ್ನೇ ಕೊಟ್ಟ 13 ಜನರಲ್ಲಿ ಗುಣವಾದವರು ನಾಲ್ವರು.

ಒಬ್ಬರಿಂದ ಒಬ್ಬರಿಗೆ ಹೇಗೆ ಬರುತ್ತವೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಬಾಯಿಯವು ಎಂಜಲಿನ ಜೊತೆ ಬರುತ್ತವೆ, ಆ ಸ್ವಲ್ಪ ಹೊತ್ತನ್ನು ತಡೆದುಕೊಳ್ಳುತ್ತವೆ. ಕರುಳಿನ ಮೊದಲ ಪಾಲು ಬಹುತೇಕ ತಾಯಿಯಿಂದ. ಇನ್ನು ಕೆಲವು ಜಾತಿಗಳು ದಪ್ಪ ಕವಚದ ಬೀಜಕ ಕಟ್ಟಿಕೊಂಡು ಸುಪ್ತವಾಗಿಬಿಡುತ್ತವೆ. ಆ ಸ್ಥಿತಿಯಲ್ಲಿ ಗಾಳಿಯೂ ಏನೂ ಮಾಡದು, ಕೈಗೆ ಹಚ್ಚುವ ಆಲ್ಕೋಹಾಲ್ ಕೂಡ ಏನೂ ಮಾಡದು. ಸಿ. ಡಿಫಿಸಿಲ್ ರೋಗಿಯನ್ನು ಮುಟ್ಟಿದವರು ಸೋಪು ನೀರಿನಿಂದಲೇ ಕೈ ತೊಳೆಯಬೇಕು ಎನ್ನುವುದು ಇದಕ್ಕೇ.

ನಿಮ್ಮ ತಮ್ಮನ ವಿಷಯ. ಡಾಕ್ಟರು ಹೇಳಿದ್ದು ಸರಿ. ಅಪೆಂಡಿಕ್ಸ್ ಒಡೆದಾಗ ಕರುಳಿನೊಳಗಿದ್ದವು ಹೊಟ್ಟೆಯ ಖಾಲಿ ಜಾಗಕ್ಕೆ ಚೆಲ್ಲುತ್ತವೆ. ಅಲ್ಲಿ ಇರಬಾರದ ಅವು ಅಲ್ಲಿ ಸೇರುತ್ತವೆ. 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದರ ಕ್ರಮ ಕಂಡಿತು. ಮೊದಲ ಹೊಡೆತ ಇ. ಕೋಲೈಯದ್ದು, ರಕ್ತಕ್ಕೆ ಸೇರಿ ಜೀವ ತೆಗೆಯುವುದು ಅದು. ಬದುಕುಳಿದ ಇಲಿಗಳಲ್ಲಿ ಆಮೇಲೆ ಕೀವಿನ ಗಡ್ಡೆ ಕಟ್ಟಿದ್ದು ಬಿ. ಫ್ರಾಜಿಲಿಸ್‌ನಂಥ ಅನೇರೋಬ್‌ಗಳು. ಇಲ್ಲೂ ಗಮನಿಸಿ, ಮುಂದೆ ಹೋದದ್ದು ಆಮ್ಲಜನಕ ಖರ್ಚು ಮಾಡುತ್ತದೆ, ಹಿಂದಿನದು ನೆಲೆಯೂರುತ್ತದೆ. ಹಲ್ಲಿನ ಪದರದಲ್ಲಿ ನಡೆದದ್ದೇ ಹೊಟ್ಟೆಯಲ್ಲಿ ಕೆಟ್ಟ ರೀತಿಯಲ್ಲಿ ನಡೆಯಿತು. ಆ ಕೀವಿಗೆ ತಡೆಯಲಾಗದ ನಾತ ಇದ್ದದ್ದೂ ಇವುಗಳಿಂದಲೇ.

ಇಂಥ ಸಂದರ್ಭದಲ್ಲಿ ಕೊಡುವ ಔಷಧಿಗಳಲ್ಲಿ ಮೆಟ್ರೋನಿಡಜೋಲ್ ಒಂದು. ಅದರ ಕಥೆ ನನಗೆ ತುಂಬ ಇಷ್ಟ. ಮೊದಲು ಬಂದದ್ದು ಟ್ರೈಕೊಮೊನಾಸ್ ಎಂಬ ಪರಾವಲಂಬಿಯಿಂದ ಹೆಂಗಸರಿಗೆ ಆಗುವ ಸೋಂಕಿಗೆ. ಅದನ್ನು ತೆಗೆದುಕೊಂಡ ಒಬ್ಬ ಮಹಿಳೆಗೆ ಒಸಡಿನ ಹುಣ್ಣೂ ವಾಸಿಯಾಯಿತು. 1962ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ವರದಿಯಾದ ಮೇಲೆ ಅನೇರೋಬ್‌ಗಳ ಮೇಲೆ ಅದರ ಶಕ್ತಿ ಜನಕ್ಕೆ ಗೊತ್ತಾಗುತ್ತಾ ಹೋಯಿತು. ಈ ಔಷಧಿ ಎಲ್ಲ ಕೋಶಗಳ ಒಳಗೂ ಹೋಗುತ್ತದೆ. ಆದರೆ ವಿಷವಾಗಿ ಬದಲಾಗುವುದು ಆಮ್ಲಜನಕವಿಲ್ಲದೆ ಬದುಕುವ ಕೋಶದ ರಾಸಾಯನಿಕ ಕ್ರಿಯೆಯಿಂದ. ಗಾಳಿ ಒಲ್ಲದ ಗುಣವೇ ಅಲ್ಲಿ ಅವುಗಳಿಗೆ ಮುಳುವು.

ಮೌತ್‌ವಾಶ್ ಬಗ್ಗೆ ಉಳಿದದ್ದು. ಬಾಯಿಯ ವಾಸನೆಗಾಗಿ ಕೇಳಿದ್ದರೆ, ಅದು ಬಹುಮಟ್ಟಿಗೆ ನಾಲಗೆಯ ಹಿಂಭಾಗದ ಅನೇರೋಬ್‌ಗಳ ಕೆಲಸ. ಪ್ರೋಟೀನನ್ನು ಒಡೆದು ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್ ಬಿಡುತ್ತವೆ. ರಾತ್ರಿ ಜೊಲ್ಲು ಕಡಿಮೆ, ಹಾಗಾಗಿ ಬೆಳಿಗ್ಗೆ ವಾಸನೆ ಜಾಸ್ತಿ. ನಾಲಗೆ ಕೆರೆದುಕೊಂಡರೆ ಎಷ್ಟೋ ವಾಸಿ. ಆದರೆ ಅದೇ ನಾಲಗೆಯ ಮೇಲೆ ಸೊಪ್ಪು ತರಕಾರಿಯ ನೈಟ್ರೇಟನ್ನು ನೈಟ್ರೈಟ್ ಮಾಡಿಕೊಡುವ ಬ್ಯಾಕ್ಟೀರಿಯಾಗಳೂ ಇವೆ. ಆ ನೈಟ್ರೈಟ್ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಇರುವ ದ್ರವದಿಂದ ದಿನಾ ಮುಕ್ಕಳಿಸಿದವರ ರಕ್ತದೊತ್ತಡ ಸ್ವಲ್ಪ ಏರಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ದಂತವೈದ್ಯರು ಇಷ್ಟು ದಿನ ಎಂದು ಬರೆದುಕೊಟ್ಟರೆ ಅಷ್ಟು ದಿನ ಬಳಸಿ. ಸುಮ್ನೆ ವರ್ಷಗಟ್ಟಲೆ ಬೇಡ.

ಒಳ್ಳೆಯವನ್ನು ಮಾತ್ರೆಯಲ್ಲಿ ನುಂಗಬಹುದೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಗೊತ್ತು, ಈಗಲೇ ಹೇಳಿಬಿಡುತ್ತೇನೆ. ಅಂಗಡಿಯ ಪ್ರೊಬಯಾಟಿಕ್ ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ ಜಾತಿಗಳು. ಫೀಕಾಲಿಬ್ಯಾಕ್ಟೀರಿಯಂನಂಥ, ನಿಮಿಷಗಳಲ್ಲಿ ಸಾಯುವ ಬ್ಯುಟಿರೇಟ್ ತಯಾರಕರನ್ನು ಜೀವಂತವಾಗಿ ಮಾತ್ರೆಗೆ ತುಂಬುವುದೇ ದೊಡ್ಡ ಕಷ್ಟ. ಈಗಾಗಲೇ ಒಳಗಿರುವ ಅವುಗಳಿಗೆ ಬೇಕಾದ ನಾರಿನಂಶ ತಿನ್ನುವುದು ಅದಕ್ಕಿಂತ ಸುಲಭ. ತಮ್ಮನಿಗೆ ಕೊಟ್ಟ ಆ್ಯಂಟಿಬಯಾಟಿಕ್ಕನ್ನು ಮಾತ್ರ ಈ ಉತ್ತರ ಓದಿ ನಡುವೆ ನಿಲ್ಲಿಸಬೇಡಿ. ಅದು ಮುಗಿದ ಮೇಲಿನ ವಾರಗಳಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ನೀರುನೀರಾದ ಭೇದಿ ಶುರುವಾದರೆ, ಭೇದಿ ನಿಲ್ಲಿಸುವ ಮಾತ್ರೆ ನೀವೇ ಕೊಡದೆ ಡಾಕ್ಟರಿಗೆ ತಿಳಿಸಿ. ಇಂಥ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದ ಎಂಬುದನ್ನೂ ಹೇಳಿ.

– ಸಂ.