ಬಟಾಡ್ ಗದ್ದೆಗಳಲ್ಲಿ ಗೈಡ್ ಇಲ್ದೆ ನಡೀಬಹುದಾ?

ಪ್ರಶ್ನೆ: ಫಿಲಿಪ್ಪೀನ್ಸ್‌ಗೆ ಹೋಗೋ ಪ್ಲಾನ್ ಇದೆ, ಬನಾವೆ ಕಡೆ ಬೆಟ್ಟದ ಭತ್ತದ ಗದ್ದೆಗಳಲ್ಲಿ ಟ್ರೆಕ್ ಮಾಡ್ಬೇಕು ಅಂತ ತುಂಬಾ ಆಸೆ. ಹಸಿರಾಗಿರೋದು ಯಾವ ತಿಂಗಳು? ಗೈಡ್ ತಗೊಳ್ಳೇಬೇಕಾ, ಮ್ಯಾಪ್ ನೋಡ್ಕೊಂಡು ನಾವೇ ಹೋದ್ರೆ ಆಗಲ್ವಾ?

ಉತ್ತರ: ಗೈಡ್ ತಗೊಳ್ಳಿ, ದಯವಿಟ್ಟು. ಬನಾವೆ ಹತ್ತಿರದ ಬಟಾಡ್ ಅನ್ನೋ ಹಳ್ಳಿಲಿ ದಾರಿ ಅಂತ ಬೇರೆ ಇರಲ್ಲ, ಗದ್ದೆಯ ಕಲ್ಲಿನ ಗೋಡೆ ಇದ್ಯಲ್ಲ ಅದರ ತಲೆ ಮೇಲೇನೇ ನಡೀಬೇಕು, ಒಂದು ಕಡೆ ಕೆಸರು, ಇನ್ನೊಂದು ಕಡೆ ಆಳುದ್ದ ಇಳಿಜಾರು, ಮಳೆ ಬಂದ್ರೆ ಕಲ್ಲು ಜಾರತ್ತೆ. ನೀವು ಬೀಳೋದು ಒಂದು ಭಯ, ಆದ್ರೆ ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಆ ಗೋಡೆ ಯಾರದೋ ಮನೆಯವರದ್ದು ಅನ್ನೋದು. ಕಾಲಿಟ್ಟು ಒಂದು ಕಲ್ಲು ಸಡಿಲ ಆದ್ರೆ ಮೇಲಿನ ಗದ್ದೆ ನೀರು ಸೋರಿ ಹೋಗತ್ತೆ, ಕೆಳಗಿನವರ ಪೈರೂ ಹಾಳು. ಎಲ್ಲಿ ಕಾಲಿಡಬಹುದು, ಯಾವ ಬದು ಹಸಿ ಇದೆ ಅಂತ ಊರಿನವರಿಗೆ ಗೊತ್ತಿರತ್ತೆ, ಮ್ಯಾಪಿಗಲ್ಲ.

ಇನ್ನೊಂದು ಕಾರಣಾನೂ ಇದೆ. ಹುಡುಗರೆಲ್ಲ ಕೆಲಸ ಹುಡುಕಿ ಪೇಟೆಗೆ ಹೋಗಿ, ನೋಡ್ಕೊಳ್ಳೋರಿಲ್ದೆ ಗೋಡೆ ಕುಸಿಯೋಕೆ ಶುರುವಾಗಿ, 2001ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನ ಅಪಾಯದಲ್ಲಿರೋ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತ್ತು, ಅದರಿಂದ ಹೊರಗೆ ಬಂದಿದ್ದು 2012ರಲ್ಲಿ. ನೀವು ಊರಿನ ಗೈಡಿಗೆ ಕೊಡೋ ದುಡ್ಡು, ಅಲ್ಲೇ ಒಂದು ರಾತ್ರಿ ಉಳ್ಕೊಂಡು ಕೊಡೋ ದುಡ್ಡು ಆ ಊರಲ್ಲೇ ಉಳಿಯತ್ತೆ, ಹಾಗಾಗಿ ಬೆಳಿಗ್ಗೆ ಹೋಗಿ ಸಂಜೆ ಓಡಿ ಬರೋ ಟೂರ್ ನನಗಿಷ್ಟ ಇಲ್ಲ.

ಕಾಲ ಹೇಳ್ತೀನಿ. ಅಲ್ಲಿನ ತಿನಾವೊನ್ ತಳಿಯ ಭತ್ತ ವರ್ಷಕ್ಕೆ ಒಂದೇ ಬೆಳೆ. ಹೆಚ್ಚುಕಮ್ಮಿ ಏಪ್ರಿಲ್-ಮೇ ಹಸಿರು, ಜೂನ್‌ನಲ್ಲಿ ಹಳದಿಗೆ ತಿರುಗತ್ತೆ, ಜೂನ್ ಕೊನೆ ಜುಲೈ ಹೊತ್ತಿಗೆ ಕೊಯ್ಲು, ಆಮೇಲೆ ಚಂಡಮಾರುತದ ಮಳೆ ಜೋರಾಗತ್ತೆ. ಮನಿಲಾದಿಂದ ಬನಾವೆಗೆ ರಾತ್ರಿ ಬಸ್ ಇದೆ, ಅಲ್ಲಿಂದ ಜೀಪ್ನಿ (ಜೀಪಿನ ಥರದ ಅಲ್ಲಿನ ಸಣ್ಣ ಬಸ್) ಅಥವಾ ಟ್ರೈಸಿಕಲ್ (ಪಕ್ಕಕ್ಕೆ ಸೀಟು ಕಟ್ಟಿದ ಬೈಕ್), ಕೊನೆಗೆ ನಡಿಗೆ. ಬಟಾಡ್‌ನಲ್ಲಿ ಎಟಿಎಂ ಇಲ್ಲ, ಪೆಸೊ ಕೈಯಲ್ಲೇ ಇರಲಿ. ತಪ್ಪಿಯಾ ಜಲಪಾತಕ್ಕೆ ಇಳಿಯೋದು ಸುಲಭ, ವಾಪಸ್ ಹತ್ತೋದಕ್ಕೆ ಮಂಡಿ ಗಟ್ಟಿ ಇರ್ಬೇಕು.

ಪ್ರಶ್ನೆ: ಬನಾವೆ ವ್ಯೂಪಾಯಿಂಟ್ ನೋಡಿದ್ರೆ ಸಾಕಲ್ವಾ? ಎರಡು ಸಾವಿರ ವರ್ಷ ಹಳೇದು ಅಂತಾರೆ, ನಿಜಾನಾ?

ಉತ್ತರ: 20 ಪೆಸೊ ನೋಟಿನ ಹಿಂಭಾಗದಲ್ಲಿರೋದು ಬನಾವೆ ಗದ್ದೆನೇ, ಆದ್ರೆ 1995ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಐದು ಜಾಗಗಳಲ್ಲಿ ಅದಿಲ್ಲ, ಬಟಾಡ್, ಬಂಗಾನ್, ಮಾಯೋಯಾವ್, ಹುಂಗ್ಡುವಾನ್, ನಾಗಕಾಡನ್ ಇವೆ. ಮೇಲೆ ನಿಂತು ನೋಡಿದ್ರೆ ಗದ್ದೆಯ ಆಕಾರ ಕಾಣತ್ತೆ ಅಷ್ಟೇ. ಒಳಗೆ ನಡೆದ್ರೆ ತುದಿಯಲ್ಲಿ ಮುಯೊಂಗ್ ಅನ್ನೋ ಮನೆತನದ ಕಾಡು, ಆ ಕಾಡು ಹಿಡಿದಿಟ್ಟ ನೀರು ಕಾಲುವೆಲಿ ಇಳಿದು ಗದ್ದೆಯಿಂದ ಗದ್ದೆಗೆ ಹೋಗೋದು, ಎಲ್ಲಾ ಕಣ್ಣಾರೆ ನೋಡಬಹುದು.

ಎರಡು ಸಾವಿರ ವರ್ಷ ಅನ್ನೋದು ಹಳೇ ಅಂದಾಜು. ಪುರಾತತ್ವಜ್ಞ ಸ್ಟೀಫನ್ ಅಕಬಾಡೊ ತಂಡ ಅಗೆದು ನೋಡಿದಾಗ ಅಲ್ಲಿ ನೀರು ಕಟ್ಟಿ ಭತ್ತ ಬೆಳೆಯೋದು ಶುರುವಾಗಿದ್ದು ಸುಮಾರು 400 ವರ್ಷದ ಹಿಂದೆ, ಸ್ಪೇನಿನವರ ಕಾಟಕ್ಕೆ ಜನ ಬೆಟ್ಟ ಹತ್ತಿದಾಗ, ಅದಕ್ಕೂ ಮುಂಚೆ ಕೆಸುವಿನ ಗೆಡ್ಡೆ ಬೆಳೀತಿದ್ರು ಅಂತ ಕಂಡುಬಂತು. ನನಗಂತೂ ಇದು ಕೇಳಿ ಈ ಗದ್ದೆ ಕಟ್ಟಿದ ಅಲ್ಲಿನ ಇಫುಗಾವೊ ಜನರ ಮೇಲೆ ಗೌರವ ಇನ್ನೂ ಹೆಚ್ಚಾಯ್ತು, ಅಷ್ಟು ಬೆಟ್ಟಾನ ಕೆಲವೇ ತಲೆಮಾರಲ್ಲಿ ಕೈಯಲ್ಲೇ ಗದ್ದೆ ಮಾಡಿದ್ದಾರಲ್ಲ.