ಲಕ್ವಾ ಆದ ಅವ್ವಗ ಇನ್ನೊಂದು ಥೆರಪಿ ಯಾಕ?

ಪ್ರಶ್ನೆ: ನಮ್ಮವ್ವಗ ಲಕ್ವಾ ಹೊಡದು ಬಲಗೈ ಸ್ವಾಧೀನ ಕಮ್ಮಿ ಆಗ್ಯದ. ಫಿಜಿಯೋಥೆರಪಿ ನಡದದ, ಕೈ ಮ್ಯಾಲ ಏಳ್ತದ, ಆದ್ರ ರೊಟ್ಟಿ ಮುರಕೊಂಡು ತಿನ್ಲಾಕ ಬರವಲ್ದು, ಕುಪ್ಪಸ ಹಾಕ್ಲಾಕೂ ನಾನೇ ಬೇಕು. ಡಾಕ್ಟರು ಆಕ್ಯುಪೇಷನಲ್ ಥೆರಪಿಸ್ಟಗೂ ತೋರಿಸ್ರಿ ಅಂತಾರ. ಮತ್ತೊಂದು ಖರ್ಚು ಯಾಕ್ರಿ?
– ಓದುಗರು, ಆಳಂದ

ಉತ್ತರ: ನಿಮ್ಮ ಪ್ರಶ್ನಿಯೊಳಗೇ ಉತ್ತರ ಅದ ನೋಡ್ರಿ ಅಕ್ಕಾ. ಕೈಗೆ ಬಲ ಬರೋದು ಬ್ಯಾರೆ, ಆ ಕೈಲೆ ದಿನದ ಕೆಲ್ಸ ಮಾಡೋದು ಬ್ಯಾರೆ. ಫಿಜಿಯೋದವ್ರು ಹೆಚ್ಚಾಗಿ ನಡಿಗಿ, ಸ್ನಾಯು, ಕೀಲು ನೋಡ್ತಾರ, ಆಕ್ಯುಪೇಷನಲ್ ಥೆರಪಿಯವ್ರು ಉಣ್ಣೋದು, ಉಡೋದು, ಜಳಕ, ಅಡಗಿ ಇಂಥಾವನ್ನೇ ಹಿಡದು ಕಲಿಸ್ತಾರ. ಕುಪ್ಪಸ ಹಾಕೋವಾಗ ಸೋತ ಕೈ ಮೊದ್ಲು ತೋಳಿನೊಳಗ ಹೋಗ್ಬೇಕು, ತಗಿಯೋವಾಗ ಅದೇ ಕೈ ಕೊನಿಗೆ, ಹುಕ್ ಹಾಕ್ಲಾಕ ಆಗ್ಲಿಲ್ಲಂದ್ರ ವೆಲ್ಕ್ರೋ ಹಚ್ಚಿಸ್ರಿ, ತಾಟಿನ ಕೆಳಗ ಒದ್ದಿ ಬಟ್ಟಿ ಹಾಕಿದ್ರ ಜಾರಂಗಿಲ್ಲ, ಚಮಚಾದ ಹಿಡಿಗೆ ಬಟ್ಟಿ ಸುತ್ತಿ ದಪ್ಪ ಮಾಡಿದ್ರ ಮುಷ್ಟಿ ಸಡಿಲ ಇದ್ರೂ ಹಿಡೀಬಹುದು. ಇವೆಲ್ಲಾ ಪುಕ್ಕಟೆ ಉಪಾಯ, ಆದ್ರ ನಿಮ್ಮವ್ವಗ ಯಾವುದು ಹೊಂದ್ತದ ಅಂತ ನೋಡ್ಲಾಕ ಕಲತವ್ರೇ ಬೇಕು. ಲಕ್ವಾ ಆದ್ಮ್ಯಾಲ ಕೆಲವ್ರಿಗೆ ಒಂದು ಕಡಿ ಇರೋ ಸಾಮಾನು ಗಮನಕ್ಕೇ ಬರಂಗಿಲ್ಲ, ತಾಟಿನ ಅರ್ಧ ಹಂಗೇ ಬಿಡ್ತಾರ, ಮನ್ಯಾಗ ಹಟ ಅಂತ ಬೈತಾರ ಪಾಪ! ಅದನ್ನೂ ಇವ್ರೇ ಪರೀಕ್ಷಾ ಮಾಡ್ತಾರ.

ಆರೋಗ್ಯ ವೃತ್ತಿಗಳ ಬಗ್ಗೆ ಇರೋ 2021ರ ಕೇಂದ್ರದ ಕಾನೂನಿನಾಗೂ ಈ ವೃತ್ತಿ ಸೇರ್ಯದ, ಹಂಗಾಗಿ ಡಿಗ್ರಿ ಕೇಳ್ಲಾಕ ನಾಚ್ಬ್ಯಾಡ್ರಿ. ಕಲಬುರಗಿ ಜಿಮ್ಸ್ ಸರ್ಕಾರಿ ದವಾಖಾನ್ಯಾಗ ಮೊದ್ಲು ವಿಚಾರಿಸ್ರಿ. ಮತ್ತ ನೀವು ಪ್ರೀತಿಲೆ ತುತ್ತು ಮಾಡಿ ಬಾಯಿಗೆ ಇಡೋದು ಸ್ವಲ್ಪ ಕಮ್ಮಿ ಮಾಡ್ರಿ, ಚೆಲ್ಲಿದ್ರ ಚೆಲ್ಲಲಿ.